ಕಾಸರಗೋಡು ಪೇಟೆ ಬಿಟ್ಟು ನೀರ್ಚಾಲು ಕಡೆಗೆ ಹೋಗುದಾ, ಇಲ್ಲೇ ಇರುದಾ?

ಪೇಟೆಮನೆ ಅಕ್ಕ · ಶನಿವಾರ ರಾತ್ರಿ 9.12
ಒಂದು ವಿಷಯ ಆರು ತಿಂಗಳಿಂದ ತಲೆ ತಿಂತಾ ಉಂಟು. ಇಲ್ಲಿ ಅನುಭವ ಇರುವವರು ತುಂಬ ಜನ ಇದ್ದೀರಿ, ಹಾಗಾಗಿ ಕೇಳ್ತಾ ಇದ್ದೇನೆ.

ನಾವು ನುಳ್ಳಿಪ್ಪಾಡಿ ಹತ್ತಿರ ಒಂದು ಫ್ಲಾಟಿನ ಮೂರನೇ ಮಾಳಿಗೆಯಲ್ಲಿ ಒಂಬತ್ತು ವರ್ಷದಿಂದ ಬಾಡಿಗೆಗೆ ಇರುವವರು. ನನ್ನ ಕೆಲಸ ಪೇಟೆಯಲ್ಲೇ. ಇವರು ದಿನಾ ರೈಲಲ್ಲಿ ಮಂಗಳೂರಿಗೆ. ಮಗಳು ಬರುವ ಜೂನಿಗೆ ಐದನೇ ಕ್ಲಾಸು. ಅತ್ತೆಗೆ 74, ಬಿಪಿ ಉಂಟು, ಮೊಣಗಂಟು ನೋವು ಉಂಟು.

ಈಗ ನೀರ್ಚಾಲಿನಿಂದ ಸ್ವಲ್ಪ ಒಳಗೆ 18 ಸೆಂಟ್ಸ್ ಜಾಗ ನೋಡಿದ್ದೇವೆ. ಪೇಟೆಯಲ್ಲಿ ಐದು ಸೆಂಟ್ಸಿಗೆ ಹೇಳುವ ದುಡ್ಡಿಗೆ ಅಲ್ಲಿ ಅಷ್ಟೂ ಬರ್ತದೆ. ಸಮತಟ್ಟು ಜಾಗ, ಬದಿಯಲ್ಲಿ ತೋಡು, ಸುತ್ತ ಅಡಿಕೆ ತೋಟ, ಕಣ್ಣಿಗೆ ತಂಪು. ಅತ್ತೆಗೆ ಮಲಯಾಳ ಬರುದಿಲ್ಲ, ಇಲ್ಲಿ ಮಾತಿಗೆ ಜನ ಇಲ್ಲ ಅಂತ ನನಗೆ ಬೇಜಾರು. ಮಗಳಿಗೂ ಕನ್ನಡ ಶಾಲೆ ಹತ್ತಿರ ಆಗ್ತದೆ. ಏಪ್ರಿಲ್–ಮೇಯಲ್ಲಿ ಟ್ಯಾಂಕರಿಗೆ ಕಾಯುದು ಸಾಕೋ ಸಾಕಾಗಿದೆ. ಇವರಿಗೆ ಮಾತ್ರ ಅರ್ಧ ಮನಸ್ಸು. ಹಾಗೆ ಹೋದವರು ಯಾರಾದ್ರೂ ಇದ್ರೆ ಹೇಳಿ, ಖುಷಿ ಉಂಟಾ, ಯಾಕಾದ್ರೂ ಬಂದೆವೋ ಅಂತ ಉಂಟಾ?

ಬೇಳದ ಬಸ್ಸು · 9.20
ಬನ್ನಿ ಅಕ್ಕ. ನೀರುಂಟು, ಗಾಳಿಯುಂಟು. ರಾತ್ರಿ ಎಂಟರ ಮೇಲೆ ಬಸ್ಸು ಮಾತ್ರ ಕೇಳಬೇಡಿ.

ಮಂಜೇಶ್ವರದ ಮಗ · 9.31
ಕಾಸರಗೋಡಿಗೆ ಎಂತ ಪೇಟೆ, ಎಂತ ಹೊರವಲಯ ಮಾರಾಯ್ರೆ! 2011ರ ಜನಗಣತಿಯಲ್ಲಿ ಇಡೀ ಮುನ್ಸಿಪಾಲಿಟಿಗೆ 54 ಸಾವಿರ ಜನ. ಬೆಂಗಳೂರಿನವರು ಕೇಳಿದ್ರೆ ನಗ್ತಾರೆ. ನಮಗೆಲ್ಲ ಪೇಟೆ ಅಂದ್ರೆ ಮಂಗಳೂರು. ಬಟ್ಟೆಗೆ, ಡಾಕ್ಟರಿಗೆ, ಕಾಲೇಜಿಗೆ, ಮದುವೆ ಹಾಲಿಗೆ ಎಲ್ಲದಕ್ಕೂ ಅಲ್ಲಿಗೇ. ಲೆಕ್ಕ ಹಾಕಿದ್ರೆ ನೀವು ಈಗ ಇರುವುದೇ ಹೊರವಲಯದಲ್ಲಿ.

ಪೇಟೆಮನೆ ಅಕ್ಕ · 9.34
ನಗು ಬಂತು, ಆದ್ರೆ ಹೌದು. ಇವರೂ ಅದನ್ನೇ ಹೇಳುದು.

ರೈಲು ಪಾಸು · 9.58
ನಿಮ್ಮ ಯಜಮಾನರ ಅರ್ಧ ಮನಸ್ಸು ನನಗೆ ಪೂರ್ತಿ ಅರ್ಥ ಆಗ್ತದೆ. ಹೇಳ್ತೇನೆ ಕೇಳಿ.

ನಾವು ಸೀತಾಂಗೋಳಿ ಹತ್ತಿರ ಮನೆ ಕಟ್ಟಿದ್ದು. ಅದಕ್ಕೆ ಮೊದಲು ತಳಂಗರೆಯಲ್ಲಿ ಬಾಡಿಗೆ ಮನೆ, ಸ್ಟೇಷನಿಗೆ ನಡೆದೇ ಹೋಗ್ತಿದ್ದೆ. ಕಾಸರಗೋಡಿನಿಂದ ಮಂಗಳೂರು ಸೆಂಟ್ರಲಿಗೆ 46 ಕಿಲೋಮೀಟರ್, ಎಕ್ಸ್‌ಪ್ರೆಸ್ಸು ಪ್ಯಾಸೆಂಜರು ಯಾವುದು ಸಿಕ್ಕಿದ್ರೂ ಹತ್ತಬಹುದು. ಹೊಸ ಮನೆಗೆ ಬಂದ ಮೇಲೆ ಹತ್ತಿರದ ಸ್ಟೇಷನು ಕುಂಬಳೆ. ಅಲ್ಲಿ ನಿಲ್ಲುವ ಗಾಡಿ ಕಡಿಮೆ. ಒಂದು ತಪ್ಪಿತಾ, ಆಮೇಲೆ ಬಸ್ಸೇ ಗತಿ. ಬೆಳಿಗ್ಗೆ ಬೈಕಲ್ಲಿ ಕುಂಬಳೆ, ಬೈಕು ಅಲ್ಲಿ ನಿಲ್ಲಿಸುದು. ಮಳೆಗಾಲದಲ್ಲಿ ರೈನ್‌ಕೋಟು ಬಿಚ್ಚಿ ಎಲ್ಲಿಡುದು? ಅದರ ನೀರು ಪಕ್ಕದವನ ಪ್ಯಾಂಟಿಗೆ. ಸಂಜೆ ಗಾಡಿ ಸಿಗ್ನಲಿಗೆ ಸಿಕ್ಕಿ ಬಿದ್ರೆ ಮನೆಗೆ ಎಂಟೂವರೆ, ಮಗ ಮಲಗಿರ್ತಾನೆ. ನಾಲ್ಕು ವರ್ಷ ಹಾಗೆ. ಹೆಂಡತಿ ಮಕ್ಕಳಿಗೆ ಅದು ಮನೆ, ನನಗೆ ಲಾಡ್ಜು.

ಜಾಗ ನೋಡ್ಲಿಕ್ಕೆ ಎಲ್ಲರೂ ಭಾನುವಾರ ಹೋಗುದು. ನೀವು ಜುಲೈ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಆರೂವರೆಗೆ ಅಲ್ಲಿಂದ ಹೊರಟು ನೋಡಿ.

ದುಬೈ ಕುಂಬಳೆ · 10.05
ಹಾಗಾದ್ರೆ ಕುಂಬಳೆಯಲ್ಲೇ ತೆಗೊಳ್ಳಿ. ರೈಲು, ಬಸ್ಸು, ಶಾಲೆ, ದೇವಸ್ಥಾನ ಎಲ್ಲ ಉಂಟು. ಕನ್ನಡವೂ ಉಂಟು.

ಬೇಳದ ಬಸ್ಸು · 10.07
ನೀವು ದುಬೈಯಲ್ಲಿ ಕೂತು ಕುಂಬಳೆಯ ರೇಟು ಏರಿಸಿದ್ದೀರಿ, ನಮ್ಮಂಥವರಿಗೆ ಅಲ್ಲಿ ಕಾಲಿಡ್ಲಿಕ್ಕೆ ಆಗ್ತದಾ ಅಣ್ಣ?

ದುಬೈ ಕುಂಬಳೆ · 10.11
ಅದು ಸತ್ಯ. ಹೈವೇ ಆರು ಲೈನ್ ಆದ ಮೇಲೆ ಇನ್ನೂ ಮೇಲೆ. ಆದ್ರೆ ಹೈವೇ ಬದಿ ಮನೆ ಮಾಡುವವರು ಒಂದು ನೆನಪಿಡಿ: ಎದುರು ಬದಿಯ ಅಂಗಡಿಯಿಂದ ಹಾಲು ತರ್ಲಿಕ್ಕೆ ಈಗ ಅಂಡರ್‌ಪಾಸ್ ಹುಡುಕಿ ಸುತ್ತು ಹಾಕಬೇಕು. ನನ್ನ ತಮ್ಮನಿಗೆ ಮಸೀದಿ ಕಣ್ಣಿಗೆ ಕಾಣ್ತದೆ, ಹೋಗ್ಲಿಕ್ಕೆ ಒಂದೂವರೆ ಕಿಲೋಮೀಟರ್.

ಮಳೆಗಾಲದ ಕೊಡೆ · 10.26
ಅತ್ತೆಗೆ 74 ಅಂದ್ರಲ್ಲ, ನಾನು ಅಲ್ಲಿಂದಲೇ ಶುರು ಮಾಡುದು. ನಮ್ಮದು ಪೆರ್ಲದಿಂದ ಒಳಗೆ. ಅಪ್ಪನಿಗೆ ರಾತ್ರಿ ಹನ್ನೊಂದಕ್ಕೆ ಎದೆನೋವು. ಕರೆಂಟಿಲ್ಲ, ನೆಟ್‌ವರ್ಕಿಲ್ಲ, ಅಣ್ಣ ಗುಡ್ಡೆ ಹತ್ತಿ ಫೋನ್ ಮಾಡಿದ್ದು. ಜೀಪು ಬಂದು, ಮಂಗಳೂರಿಗೆ ಮುಟ್ಟುವಾಗ ಒಂದೂಮುಕ್ಕಾಲು. ಉಳಿದ್ರು, ದೇವರ ದಯೆ. ಪೇಟೆಯಲ್ಲಿ ಇದ್ದಿದ್ರೆ ಮೊದಲ ಇಂಜೆಕ್ಷನು ಹದಿನೈದು ನಿಮಿಷದಲ್ಲಿ ಆಗ್ತಿತ್ತು.

ಮಂಜೇಶ್ವರದ ಮಗ · 10.33
2020ರ ಮಾರ್ಚ್ ನೆನಪುಂಟಾ? ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದು, ತಲಪಾಡಿಯಿಂದ ಆಂಬುಲೆನ್ಸ್ ವಾಪಸ್ ಕಳಿಸಿದ್ದು. ಡಯಾಲಿಸಿಸಿನವರು, ಹೃದಯದ ಕಾಯಿಲೆಯವರು ಎಷ್ಟು ಜನ ದಾರಿಯಲ್ಲೇ ಹೋದ್ರು. ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆಗ ಗೊತ್ತಾದದ್ದು, ನಾವು "ನಮ್ಮ ಪೇಟೆ" ಅಂತ ಹೇಳುವ ಊರು ಬೇರೆ ರಾಜ್ಯದ್ದು ಅಂತ.

ಬೇಳದ ಬಸ್ಸು · 10.40
ಈಗ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜು ಉಂಟಲ್ಲ. ನೀರ್ಚಾಲಿನವರಿಗೆ ಅದು ಬದಿಯಡ್ಕ ದಾಟಿದ ಕೂಡ್ಲೆ. ಪೇಟೆಯವರಿಗಿಂತ ಹತ್ತಿರ.

ಮಳೆಗಾಲದ ಕೊಡೆ · 10.44
ಕಲ್ಲು ಹಾಕಿದ್ದು 2013ರಲ್ಲಿ. ಒಪಿ ಶುರುವಾದದ್ದು 2022ರಲ್ಲಿ. ನಡುವೆ ಕೊರೊನಾ ಬಂದದ್ದಕ್ಕೆ ಆ ಕಟ್ಟಡದ ಬಾಗಿಲು ತೆರೆಯಿತು. ಒಂಬತ್ತು ವರ್ಷದಲ್ಲಿ ನಮ್ಮ ಅಡಿಕೆ ಗಿಡ ಫಸಲು ಕೊಟ್ಟು ರೋಗ ಬಂದು ಕಡಿದೂ ಆಯಿತು. ಹಗಲಿನ ಶೀತ ಜ್ವರಕ್ಕೆ ಸರಿ, ರಾತ್ರಿ ಹನ್ನೊಂದರ ಎದೆನೋವಿಗೆ ನಾನು ಈಗಲೂ ಮಂಗಳೂರಿನ ದಾರಿಯನ್ನೇ ನೋಡುದು.

ಕೂಡ್ಲು ಕಲ್ಪವೃಕ್ಷ · ಭಾನುವಾರ ಬೆಳಿಗ್ಗೆ 6.50
ಎಲ್ಲರೂ ಹೆದರಿಸಿ ಇಟ್ಟಿದ್ದೀರಿ. ನಾವು ವಿದ್ಯಾನಗರ ಬಿಟ್ಟು ಬಂದು ಏಳು ವರ್ಷ. ಬೆಳಿಗ್ಗೆ ಎದ್ದು ಅಂಗಳದಲ್ಲಿ ಚಾ ಕುಡಿಯುವ ಸುಖಕ್ಕೆ ಬೆಲೆ ಕಟ್ಟಲಿಕ್ಕಾಗದು. ಶುದ್ಧ ಗಾಳಿ, ಶುದ್ಧ ನೀರು, ವಿಷ ಇಲ್ಲದ ತರಕಾರಿ.

ಎಣ್ಮಕಜೆಯವ · 7.15
ಶುದ್ಧ ಗಾಳಿ ಅಂತ ನಾವೂ ನಂಬಿದ್ದೆವು ಸಾರ್. ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು ಇಪ್ಪತ್ತು ವರ್ಷಕ್ಕಿಂತ ಹೆಚ್ಚು, 2000ದ ವರೆಗೆ. ಗುಡ್ಡೆ ಕೊರೆದ ಸುರಂಗದ ನೀರು ಅಂತ ಕುಡಿದದ್ದೂ ಅದೇ ಗುಡ್ಡೆಯದ್ದು. ಆ ಕಾಲ ಮುಗಿಯಿತು, ನಿಮ್ಮ ಊರಿಗೆ ಅದು ಸಂಬಂಧವೂ ಇಲ್ಲದಿರಬಹುದು. ಹಳ್ಳಿ ಅಂದ ಕೂಡ್ಲೆ ಶುದ್ಧ ಅಂತ ಬರೆಯುವವರನ್ನು ಕಂಡ್ರೆ ನನಗೆ ಸುಮ್ಮನಿರ್ಲಿಕ್ಕೆ ಆಗುದಿಲ್ಲ, ಅಷ್ಟೆ.

ಕೂಡ್ಲು ಕಲ್ಪವೃಕ್ಷ · 7.22
ತಪ್ಪಾಯಿತು. ಬರೆಯುವಾಗ ಆ ಯೋಚನೆ ಬರ್ಲಿಲ್ಲ.

ವಿಲೇಜಾಫೀಸು ನಿವೃತ್ತ · 8.40
ಯಾರೂ ಮುಖ್ಯ ಪ್ರಶ್ನೆ ಕೇಳಲಿಲ್ಲ. ತಂಗೀ, "ಸಮತಟ್ಟು ಜಾಗ, ಬದಿಯಲ್ಲಿ ತೋಡು" ಎಂದು ಬರೆದಿದ್ದೀರಿ. ನಮ್ಮ ಊರಿನಲ್ಲಿ ದೇವರು ಸಮತಟ್ಟು ಮಾಡಿಟ್ಟ ಜಾಗ ಎರಡೇ: ಗುಡ್ಡೆಯ ಮೇಲಿನ ಪಾರೆ, ಕೆಳಗಿನ ಬೈಲು. ತೋಡು ಇದ್ದರೆ ಅದು ಬೈಲು. ಬೈಲಾದರೆ ಒಂದು ಕಾಲಕ್ಕೆ ಗದ್ದೆ. ಈಗ ಅಡಿಕೆ ಇರಬಹುದು, ಕಾಗದದಲ್ಲಿ ಇನ್ನೂ "ನಿಲಂ", ಅಂದರೆ ಗದ್ದೆ, ಎಂದೇ ಇರುತ್ತದೆ.

ತೀರ್ವೆ (ಭೂಕಂದಾಯ) ರಶೀದಿ ತೋರಿಸಿದರೆ ಸಾಲದು. ವಿಲೇಜ್ ಆಫೀಸಿನ ಬಿ.ಟಿ.ಆರ್.ನಲ್ಲಿ (ಮೂಲ ತೆರಿಗೆ ಪುಸ್ತಕ) ಆ ಸರ್ವೆ ನಂಬರು "ಪುರಯಿಡಂ" (ಗದ್ದೆಯಲ್ಲದ ಜಾಗ) ಇದೆಯೋ "ನಿಲಂ" ಇದೆಯೋ ನೋಡಿ. ನಿಲಂ ಆಗಿದ್ದರೆ ಗದ್ದೆಗಳ ಸರಕಾರಿ ಪಟ್ಟಿಯಾದ ಡೇಟಾ ಬ್ಯಾಂಕಿನಲ್ಲಿ ಉಂಟೋ ಎಂದು ಕೃಷಿಭವನದಲ್ಲಿ ಕೇಳಿ. 2008ರ ಕೇರಳದ ಭತ್ತದ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣೆಯ ಕಾಯಿದೆಯಿಂದ ಕರ್ನಾಟಕದಲ್ಲಿ ಕನ್ವರ್ಷನ್ ಮಾಡಿದಂತೆ ಇಲ್ಲಿ ಆಗುವುದಿಲ್ಲ. ಡೇಟಾ ಬ್ಯಾಂಕಿನಲ್ಲಿ ಇದ್ದರೆ ಮೊದಲು 5ನೇ ನಮೂನೆಯಲ್ಲಿ ಅರ್ಜಿ ಹಾಕಿ ಹೊರಗೆ ತೆಗೆಸಬೇಕು. ಕೃಷಿ ಆಫೀಸರ ವರದಿ ಬೇಕು, ಕೆಲವೊಮ್ಮೆ ಉಪಗ್ರಹದ ಚಿತ್ರ ತರಿಸಿ 2008ಕ್ಕೆ ಮೊದಲೇ ಗದ್ದೆ ಹೋಗಿತ್ತೋ ಎಂದು ನೋಡುತ್ತಾರೆ. ಅದಾದ ಮೇಲೆ ಜಾಗದ ಸ್ವಭಾವ ಬದಲಿಸಲು 6ನೇ ನಮೂನೆ. 2017ರ ಡಿಸೆಂಬರ್ 30ಕ್ಕೆ ಆ ತುಂಡು 25 ಸೆಂಟ್ಸಿನೊಳಗೆ ಇದ್ದರೆ ಫೀಸಿಲ್ಲ. ಆ ದಿನದ ನಂತರ ದೊಡ್ಡ ಜಾಗದಿಂದ ತುಂಡು ಮಾಡಿ 18 ಸೆಂಟ್ಸ್ ಮಾಡಿದ್ದಾದರೆ ಆ ವಿನಾಯಿತಿ ನಿಮಗೆ ಸಿಗುವುದಿಲ್ಲ. ಬ್ರೋಕರ್‌ಗಳು ಇದನ್ನೇ ಹೇಳದೆ ಬಿಡುವುದು.

ಇನ್ನೊಂದು. ರಿಜಿಸ್ಟ್ರಿಗೆ ಸ್ಟಾಂಪು 8 ಶೇಕಡಾ, ಫೀಸು 2 ಶೇಕಡಾ, ಒಟ್ಟು ಹತ್ತು. ಅದನ್ನು ಜಾಗದ ರೇಟಿಗೆ ಕೂಡಿಸಿ ನೋಡಿ.

ಕೂಡ್ಲು ಕಲ್ಪವೃಕ್ಷ · 8.55
ಎಷ್ಟೋ ಜನ ಗದ್ದೆಗೆ ಮಣ್ಣು ತುಂಬಿಸಿ ಮನೆ ಕಟ್ಟಿ ಹಾಯಾಗಿ ಇದ್ದಾರಲ್ಲ ಅಣ್ಣ?

ವಿಲೇಜಾಫೀಸು ನಿವೃತ್ತ · 9.10
ಇದ್ದಾರೆ. ಹಳೆಯ ಕಾಲದಲ್ಲಿ ಕಟ್ಟಿದವರು. ಈಗ ಕಟ್ಟಿದವರು ಪಂಚಾಯತಿನಲ್ಲಿ ಮನೆ ನಂಬರಿಗೆ ಸಾಲು ನಿಂತಿದ್ದಾರೆ. ಪರ್ಮಿಟ್ ಇಲ್ಲದೆ ಬ್ಯಾಂಕು ಸಾಲ ಕೊಡುತ್ತದಾ? ನಾನು ಕೆಲಸದಲ್ಲಿದ್ದಾಗ ತಳಪಾಯದ ಮಟ್ಟಕ್ಕೆ ನಿಂತ ಮನೆಗಳನ್ನು ನೋಡಿದ್ದೇನೆ, ಒಳಗೆ ಬಾಳೆ ಬೆಳೆದಿತ್ತು.

ಪೇಟೆಮನೆ ಅಕ್ಕ · 9.18
ಅಣ್ಣ, ಓದಿ ಕೈಕಾಲು ತಣ್ಣಗಾಯಿತು. ಬ್ರೋಕರಿಗೆ ಫೋನ್ ಮಾಡಿದೆ. "ಅದೆಲ್ಲ ನಾವು ಸರಿ ಮಾಡಿಸಿ ಕೊಡುವ ಅಕ್ಕ" ಅಂದ.

ಬೇಳದ ಬಸ್ಸು · 9.19
ಆಯಿತು. ಅದು ಗದ್ದೆಯೇ.

ಚಾಕ್‌ಪೀಸ್ ಟೀಚರ್ · 10.30
ಶಾಲೆಯ ವಿಷಯ ನಾನು ಹೇಳ್ತೇನೆ, ಮೂವತ್ತು ವರ್ಷ ಅದೇ ಕೆಲಸ. ನೀರ್ಚಾಲಿನಲ್ಲಿ ಮಹಾಜನದಂಥ ಹಳೆಯ ಕನ್ನಡ ಶಾಲೆ ಉಂಟು, ಪೆರಡಾಲದಲ್ಲಿ ನವಜೀವನ ಉಂಟು. ಸಂಖ್ಯೆಗೆ, ವಾತಾವರಣಕ್ಕೆ ಆ ಕಡೆ ಒಳ್ಳೆಯದು. ಪೇಟೆಯಲ್ಲಿ ಕನ್ನಡ ಡಿವಿಷನಿಗೆ ಮಕ್ಕಳು ಸಾಲದೆ ಒಂದೊಂದೇ ಕ್ಲಾಸು ತೆಳ್ಳಗಾಗ್ತಾ ಬಂತು. ಕನ್ನಡ ಬಾರದ ಮಾಷ್ಟ್ರನ್ನು ಕನ್ನಡ ಕ್ಲಾಸಿಗೆ ಹಾಕಿದ್ದಕ್ಕೆ ಪೋಷಕರು ಧರಣಿ ಕೂತದ್ದು ನೀವು ಪೇಪರಲ್ಲಿ ಓದಿರ್ತೀರಿ.

ಆದ್ರೆ ಒಂದು ಮಾತು. ನಿಮ್ಮ ಮಗಳಿಗೆ ಈಗ ಫ್ಲಾಟಿನ ಮಕ್ಕಳ ಜೊತೆ ಆಡಿ ಮಲಯಾಳ ಬಂದಿರ್ತದೆ. ಅದನ್ನು ಬಿಡಿಸಬೇಡಿ. ನಾಳೆ ಪಿಎಸ್‌ಸಿಯಲ್ಲಿ ನಮ್ಮ ಜಿಲ್ಲೆಗೆ ಮಲಯಾಳ–ಕನ್ನಡ ಎರಡೂ ಬಲ್ಲವರಿಗೆ ಅಂತಲೇ ಕ್ಲರ್ಕ್ ಹುದ್ದೆ ಕರೀತಾರೆ. ಎರಡೂ ಗಟ್ಟಿ ಇರುವ ಮಕ್ಕಳು ಸಿಗುದೇ ಕಷ್ಟ.

ಮಂಜೇಶ್ವರದ ಮಗ · 10.42
ಮಲಯಾಳ ಕಲಿಯಿರಿ ಅಂತ ನಾವೇ ಹೇಳಿದ್ರೆ ಮುಗಿಯಿತು. 1956ರ ನವೆಂಬರ್ ಒಂದರಿಂದ ಇದೇ ಹಾಡು. ಬಸ್ಸಿನ ಬೋರ್ಡು ನೋಡಿ, ಬದಿಯಡ್ಕ ಹೋಗಿ "ಬದಿಯಡುಕ್ಕ", ಮಂಜೇಶ್ವರ ಹೋಗಿ "ಮಂಜೇಶ್ವರಂ".

ಚಾಕ್‌ಪೀಸ್ ಟೀಚರ್ · 10.50
ಬೋರ್ಡಿನ ಜಗಳ ನಾನೂ ಆಡಿದ್ದೇನೆ ತಮ್ಮ, ನೀನು ಹುಟ್ಟುವ ಮೊದಲು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಬದಿಯಡ್ಕದಲ್ಲಿ ಕೂತು ನೂರು ವರ್ಷ ಕನ್ನಡಕ್ಕಾಗಿ ಹೋರಾಡಿದ್ರು. ಅವರು ಮಲಯಾಳವನ್ನು ದ್ವೇಷ ಮಾಡಿದವರಲ್ಲ. ಭಾಷೆ ಗೊತ್ತಿದ್ರೆ ಮನವಿಯನ್ನು ಆ ಆಫೀಸಿನವನಿಗೆ ಅವನ ಭಾಷೆಯಲ್ಲೇ ಓದಿ ಹೇಳಬಹುದು.

ದುಬೈ ಕುಂಬಳೆ · 10.53
ನೂರು ವರ್ಷ ಹೋರಾಟವಾ? ಬದುಕಿದ್ದೇ ನೂರು ವರ್ಷ. 1915ರಿಂದ 2015.

ಚಾಕ್‌ಪೀಸ್ ಟೀಚರ್ · 10.54
ಸರಿ, ತಿದ್ದುಪಡಿ ಒಪ್ಪಿದೆ. ತೊಟ್ಟಿಲಿನ ವರ್ಷ ಕಳೆಯಿರಿ.

ಗುಡ್ಡೆಮನೆ · 11.20
ನೀರಿನ ವಿಷಯಕ್ಕೆ ಬನ್ನಿ. ನೀರ್ಚಾಲು ಅಂತ ಹೆಸರು ನೋಡಿ ನೀರುಂಟು ಅಂತ ತಿಳ್ಕೊಳ್ಳಬೇಡಿ. ಮಳೆ ನಮಗೆ ಧಾರಾಳ, ನಿಲ್ಲುದು ಇಲ್ಲ. ಮುರಕಲ್ಲು ಸ್ಪಂಜಿನ ಹಾಗೆ ಕುಡಿದು ಕೆಳಗೆ ಬಿಡ್ತದೆ. ಅದಕ್ಕೇ ಹಿರಿಯರು ಬಾಯಾರು, ಪೈವಳಿಕೆ, ಶೇಣಿ ಕಡೆ ಗುಡ್ಡೆಗೆ ಅಡ್ಡ ಸುರಂಗ ಕೊರೆದು ನೀರು ತಂದದ್ದು, ಪಂಪಿಲ್ಲ, ಕರೆಂಟಿಲ್ಲ. ನಮ್ಮ ಮನೆಯ ಸುರಂಗ ಅಜ್ಜನ ಕಾಲದ್ದು, ಒಳಗೆ ಬಗ್ಗಿಯೇ ನಡೀಬೇಕು, ಇವತ್ತಿಗೂ ಬೆರಳಿನಷ್ಟು ಧಾರೆ ಬರ್ತದೆ. ಆದ್ರೆ ಮೇಲಿನ ತೋಟದವರು ಬೋರು ಹೊಡೆದ ವರ್ಷ ಅದು ಅರ್ಧ ಆಯಿತು.

ಹಾಗಾಗಿ ಜಾಗದ ನೀರು ನೋಡುದಲ್ಲ, ಮೇಲ್ಬದಿಯವರ ಬೋರು ಎಷ್ಟು ಅಂತ ಎಣಿಸುದು. ಜನವರಿಯಲ್ಲಿ ನೋಡಿದ ಬಾವಿಯನ್ನು ಮೇ 20ಕ್ಕೆ ಇನ್ನೊಮ್ಮೆ ನೋಡಿ.

ಪೇಟೆಮನೆ ಅಕ್ಕ · 11.31
ಇಲ್ಲಿಯದ್ದೂ ಏನು ಕಡಿಮೆ ಇರ್ಲಿಲ್ಲ. ಬಾವಿಕ್ಕರೆಯಿಂದ ಬರುವ ನೀರು ಮೊದಲೆಲ್ಲ ಬೇಸಿಗೆಯಲ್ಲಿ ಉಪ್ಪು, ಚಾ ಮಾಡಿದ್ರೆ ಹಾಲು ಒಡೀತಿತ್ತು. ಅಣೆಕಟ್ಟು ಆದ ಮೇಲೆ ಉಪ್ಪಿನ ಕಾಟ ಕಡಿಮೆ. ನಮ್ಮ ಫ್ಲಾಟಿಗೆ ಟ್ಯಾಂಕರ್ ಮಾತ್ರ ತಪ್ಪಲಿಲ್ಲ.

ಹಂದಿ ಕಾಯುವವ · 11.45
ಮರಗೆಣಸು ನೆಡುವ ಆಸೆ ಇದ್ರೆ ಈಗಲೇ ಬಿಡಿ. ಹಂದಿ. ತೆಂಗಿಗೆ ಮಂಗ. ಬಸಳೆ ಚಪ್ಪರಕ್ಕೆ ನವಿಲು. ಕಾರಡ್ಕ, ದೇಲಂಪಾಡಿ ಕಡೆ ಆನೆ. ಮುಳಿಯಾರು ಕಡೆ ಚಿರತೆ ಅಂತ ಸಂಜೆ ಮಕ್ಕಳನ್ನು ಹೊರಗೆ ಬಿಡದ ಕಾಲವೂ ಬಂತು. ನೀರ್ಚಾಲಿಗೆ ಸದ್ಯ ಹಂದಿ ನವಿಲು ಮಾತ್ರ ಅಂತ ಸಮಾಧಾನ ಮಾಡ್ಕೊಳ್ಳಿ.

ಬೇಳದ ಬಸ್ಸು · 11.47
ಹಾವು ಬಿಟ್ಟಿರಿ.

ಹಂದಿ ಕಾಯುವವ · 11.48
ಹಾವು ಲೆಕ್ಕಕ್ಕಿಲ್ಲ, ಅದು ಮನೆಯವರೇ.

ಹಸಿಮೆಣಸು · ಮಧ್ಯಾಹ್ನ 1.05
ಕೆಲಸಕ್ಕೆ ಹೋಗುವ ಹೆಂಗಸಾಗಿ ಹೇಳ್ತೇನೆ. ನಾನು ಅಣಂಗೂರಿನಿಂದ ಮುಳ್ಳೇರಿಯಕ್ಕೆ ಹೋದವಳು. ಮನೆ ದೊಡ್ಡದಾದ ಹಾಗೆ ಗುಡಿಸುದೂ ದೊಡ್ಡದು. ಅಂಗಳದ ತರಗೆಲೆ, ಮಳೆಗಾಲದ ಪಾಚಿ, ಒಲೆಗೆ ಸೌದೆ ಇಡುವ ಕೊಟ್ಟಿಗೆ, ಬಿದ್ದ ಅಡಿಕೆ ಹಾಳೆ ಎತ್ತುದು, ಇದನ್ನೆಲ್ಲ "ಹಳ್ಳಿಯ ಸುಖ" ಅಂತ ಹೇಳುವವರು ಯಾರು ನೋಡಿ, ಎಲ್ಲ ಗಂಡಸರು. ಅವರು ಅಂಗಳದಲ್ಲಿ ಕೂತು ಚಾ ಕುಡಿಯುವಾಗ ಆ ಅಂಗಳ ಗುಡಿಸಿದ್ದು ಯಾರು? ಹೊರಕೆಲಸಕ್ಕೆ ಜನ ಸಿಗುದಿಲ್ಲ. ಪ್ಲಾಸ್ಟಿಕ್ ಕೊಂಡುಹೋಗ್ಲಿಕ್ಕೆ ಹರಿತ ಕರ್ಮ ಸೇನೆಯವರು ತಿಂಗಳಿಗೊಮ್ಮೆ ಬರ್ತಾರೆ, ಐವತ್ತು ರೂಪಾಯಿ, ಅವರು ಬಂದ ದಿನ ಮಾತ್ರ ನನಗೆ ಯಾರೋ ಸಹಾಯಕ್ಕೆ ಬಂದ ಹಾಗೆ ಆಗುದು.

ಆದ್ರೂ ಹಿಂದೆ ಬರ್ತೀಯಾ ಅಂದ್ರೆ ಬರುದಿಲ್ಲ. ಯಾಕೆ ಅಂತ ಕೇಳಬೇಡಿ. ರಾತ್ರಿ ಮಳೆ ಹಂಚಿನ ಮೇಲೆ ಬೀಳುವಾಗ ಎದ್ದು ಕೂತ್ಕೊಳ್ತೇನೆ, ಅಷ್ಟೆ.

ಒಂದು ಕೇಳುದು ಉಂಟು. ಅತ್ತೆಗೆ ಮಾತಿಗೆ ಜನ ಇಲ್ಲ ಅಂತ ನೀವು ಬರೆದದ್ದು. ಅವರು ಹೇಳಿದ್ದಾ, ನೀವು ಅಂದಾಜು ಮಾಡಿದ್ದಾ?

ಕೂಡ್ಲು ಕಲ್ಪವೃಕ್ಷ · 1.20
ಚಾ ಕುಡಿದ ಗಂಡಸು ನಾನೇ. ಅಂಗಳ ಗುಡಿಸುವುದೂ ನಾನೇ ಅಂತ ದಾಖಲೆಗೆ ಬರೆದಿಡ್ತೇನೆ.

ಹಸಿಮೆಣಸು · 1.22
ನಿಮ್ಮ ಹೆಂಡತಿ ಸಹಿ ಹಾಕಿದ್ರೆ ನಂಬ್ತೇನೆ.

ಪೇಟೆಮನೆ ಅಕ್ಕ · ಬುಧವಾರ ರಾತ್ರಿ 9.40
ಎರಡು ವಿಷಯ ಆಯಿತು, ಹೇಳ್ತೇನೆ.

ಒಂದು, ವಿಲೇಜ್ ಆಫೀಸಿಗೆ ಹೋಗಿ ನೋಡಿದೆವು. ನಿಲಂ. ಡೇಟಾ ಬ್ಯಾಂಕಿನಲ್ಲೂ ಉಂಟು. 2021ರಲ್ಲಿ ಒಂದು ಎಕ್ರೆಗಿಂತ ದೊಡ್ಡ ಜಾಗದಿಂದ ತುಂಡು ಮಾಡಿದ್ದು. ಅಡ್ವಾನ್ಸ್ ಕೊಟ್ಟಿರ್ಲಿಲ್ಲ. ನಿವೃತ್ತ ಅಣ್ಣನಿಗೆ ಕೈ ಮುಗೀತೇನೆ, ಬರುವ ವಾರ ಟೋಕನ್ ಕೊಡ್ಲಿಕ್ಕೆ ಇತ್ತು.

ಇನ್ನೊಂದು, ಅತ್ತೆಯ ಹತ್ತಿರ ಕೇಳಿದೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಕೂತು ಕೇಳಿದ್ದು, ನಾಚಿಕೆ ಆಗ್ತದೆ ಹೇಳ್ಲಿಕ್ಕೆ. ಎದುರಿನ ಫ್ಲಾಟಿನಲ್ಲಿ ಕಣ್ಣೂರು ಕಡೆಯ ಒಬ್ಬರು ಉಮ್ಮ ಇದ್ದಾರೆ, ಎಪ್ಪತ್ತರ ಮೇಲೆ. ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಅವರು ಬಂದು ಕೂರುದಂತೆ. ಅವರು ಮಲಯಾಳ, ಇವರು ಕನ್ನಡ. "ಭಾಷೆ ಬರುದಿಲ್ಲ ಅಲ್ವಾ ಅತ್ತೆ, ಎಂತ ಮಾತಾಡ್ತೀರಿ?" ಅಂತ ಕೇಳಿದೆ. "ಸೊಸೆಯಂದಿರ ವಿಷಯ ಮಾತಾಡ್ಲಿಕ್ಕೆ ಭಾಷೆ ಎಂತಕ್ಕೆ?" ಅಂದ್ರು.

ಅಂಗಳ ಬೇಕಾ ಅಂದ್ರೆ ಬೇಕು ಅಂದ್ರು. ತುಳಸಿ ಕಟ್ಟೆ ಬೇಕು, ಬಿಸಿಲಿಗೆ ಸೆಂಡಿಗೆ ಹಾಕ್ಲಿಕ್ಕೆ ಜಾಗ ಬೇಕು. "ಆದ್ರೆ ಅವಳನ್ನು ಎಂತ ಮಾಡುದು?" ಅಂತ ನನ್ನನ್ನೇ ಕೇಳಿದ್ರು.

ಹಸಿಮೆಣಸು · 9.46
ಅಯ್ಯೋ.

ರೈಲು ಪಾಸು · 9.50
ನಿಮ್ಮ ಅತ್ತೆಗೆ ನಮಸ್ಕಾರ ತಿಳಿಸಿ.

ಮಂಜೇಶ್ವರದ ಮಗ · 9.58
ನಾನು ಬೋರ್ಡಿನ ಬಗ್ಗೆ ಬರೆದದ್ದು ವಾಪಸ್ ತೆಗೊಳ್ಳುದಿಲ್ಲ. ಆದ್ರೆ ಈ ಮಾತು ಓದಿ ಜೋರು ನಗು ಬಂತು.

ವಿಲೇಜಾಫೀಸು ನಿವೃತ್ತ · 10.15
ಒಳ್ಳೆಯದಾಯಿತು ತಂಗಿ. ಜಾಗ ಎಲ್ಲಿಗೂ ಓಡುವುದಿಲ್ಲ. ತಗೊಳ್ಳುವ ಮೊದಲು ಅದೇ ಊರಿನಲ್ಲಿ ಒಂದು ಮಳೆಗಾಲ ಬಾಡಿಗೆಗೆ ಇದ್ದು ನೋಡಿ. ಗಾಡಿ, ಶಾಲೆ, ಕರೆಂಟು, ಹಂದಿ ಎಲ್ಲ ತಾನಾಗಿ ಗೊತ್ತಾಗುತ್ತದೆ. ಉಮ್ಮನ ವಿಷಯಕ್ಕೆ ನನ್ನಲ್ಲಿ ನಮೂನೆ ಇಲ್ಲ.

ಪೇಟೆಮನೆ ಅಕ್ಕ · ಮರು ಶನಿವಾರ ಸಂಜೆ 6.05
ಹಾಗೇ ಮಾಡುದು ಅಂತ ಆಯಿತು. ಸೀತಾಂಗೋಳಿ–ನೀರ್ಚಾಲು ನಡುವೆ, ಬಸ್ಸು ಹೋಗುವ ರಸ್ತೆಯ ಬದಿಗೇ ಹಳೆಯ ಹಂಚಿನ ಮನೆ ಸಿಕ್ಕಿದೆ. ಜೂನಿನಿಂದ ಹನ್ನೊಂದು ತಿಂಗಳು. ಇವರು ಕುಂಬಳೆಗೆ ಬೈಕಲ್ಲಿ ಒಂದು ವಾರ ಹೋಗಿ ಟೈಮು ಬರೆದಿಟ್ಟುಕೊಂಡಿದ್ದಾರೆ, ರೈಲು ಪಾಸಿನವರ ರೈನ್‌ಕೋಟು ಓದಿದ ಮೇಲೆ. ಫ್ಲಾಟು ಸದ್ಯಕ್ಕೆ ಬಿಡುದಿಲ್ಲ, ನನ್ನ ತಮ್ಮ ಬಂದು ಇರ್ತಾನೆ. ಶನಿವಾರ ಅತ್ತೆ ಇಲ್ಲಿಗೆ ಬರುದು ಅಂತ ಅವರೇ ಕಂಡೀಷನ್ ಹಾಕಿದ್ದಾರೆ. ಉಮ್ಮನಿಗೆ ಮೊದಲೇ ಹೇಳಿ ಆಗಿದೆ, ನನಗೆ ಗೊತ್ತಾದದ್ದು ಕೊನೆಗೆ.

ಗುಡ್ಡೆಮನೆ · 6.20
ಆ ಮನೆಯ ಬಾವಿಯಲ್ಲಿ ಮೇ ತಿಂಗಳಲ್ಲಿ ನೀರು ಎಷ್ಟು ಅಂತ ಕೇಳಿದ್ರಾ?

ಪೇಟೆಮನೆ ಅಕ್ಕ · 6.24
ಕೇಳಿದೆ. "ಇರ್ತದೆ" ಅಂದ್ರು.

ಗುಡ್ಡೆಮನೆ · 6.25
ಇರ್ತದೆ ಅಂದ್ರೆ ಎಷ್ಟು ಕೋಲು?